ಶುಗರ್ ಎಷ್ಟು ಬಂತು ಅಂತ ಕೇಳಿದರೆ ಮಗಳು ಸುಳ್ಳು ಹೇಳುತ್ತಾಳೆ

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಮಗಳಿಗೆ 11 ವರ್ಷ. ಎರಡು ವರ್ಷದ ಹಿಂದೆ ಟೈಪ್ 1 ಡಯಾಬಿಟಿಸ್ ಇದೆ ಅಂತ ಗೊತ್ತಾಯಿತು. ಮೊದಲ ವರ್ಷ ಅವಳೇ ನಮಗೆ ಧೈರ್ಯ ಹೇಳುವ ಹಾಗಿದ್ದಳು. ಬೆರಳು ಚುಚ್ಚಿಕೊಳ್ಳುವುದು, ಇನ್ಸುಲಿನ್ ಹಾಕಿಕೊಳ್ಳುವುದು ಎಲ್ಲ ಬೇಗ ಕಲಿತಳು. ಆರು ತಿಂಗಳ ಹಿಂದೆ ‘ದೊಡ್ಡವಳಾದೆ, ಇನ್ನು ನೀನೇ ನೋಡಿಕೋ’ ಅಂತ ಅವಳಿಗೇ ಬಿಟ್ಟೆವು. ಈಗ ನೋಡಿದರೆ ಡೈರಿಯಲ್ಲಿ ಬರೆದ ರೀಡಿಂಗ್ ಒಂದು, ಮೀಟರಿನಲ್ಲಿ ಇರುವುದು ಇನ್ನೊಂದು. ಕೆಲವು ದಿನ ಟೆಸ್ಟೇ ಮಾಡಿಲ್ಲ. ಎಚ್‌ಬಿಎ1ಸಿ 7.6 ಇದ್ದದ್ದು ಈಗ 9.8 ಆಗಿದೆ. ಕೇಳಿದರೆ ಸಿಟ್ಟು, ಅಳು. ‘ನಿಂಗೇನಮ್ಮ, ಸೂಜಿ ನಿಂಗಲ್ವಲ್ಲ’ ಅನ್ನುತ್ತಾಳೆ. ಫ್ರೆಂಡ್ಸ್ ಮನೆಗೆ ಹೋಗುವುದನ್ನೂ ನಿಲ್ಲಿಸಿದ್ದಾಳೆ. ಯಜಮಾನರು ‘ಎಲ್ಲ ನಾಟಕ, ನೀನೇ ತಲೆ ಮೇಲೆ ಕೂರಿಸಿಕೊಂಡಿದ್ದೀಯ’ ಅಂತಾರೆ. ಅತ್ತೆ ‘ಮಗು ಮುಂದೆ ಕಾಯಿಲೆ ಮಾತೇ ಬೇಡ, ಮರೆತುಹೋಗಲಿ’ ಅಂತಾರೆ. 7 ವರ್ಷದ ಮಗ ‘ನಂಗೂ ಶುಗರ್ ಬರಬೇಕಿತ್ತು’ ಅಂದ ದಿನ ಅತ್ತುಬಿಟ್ಟೆ. ಅವಳ ಮನಸ್ಸಿಗೆ ಏನಾದರೂ ಆಗಿದೆಯಾ? ನಾವು ಎಲ್ಲಿ ತಪ್ಪಿದೆವು?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಚಿಂತೆಗಳು ಸೇರಿಕೊಂಡಿವೆ. ಮಗಳು ಸುಳ್ಳುಗಾತಿ ಆಗುತ್ತಿದ್ದಾಳಾ, ಅವಳಿಗೆ ಮಾನಸಿಕ ತೊಂದರೆ ಶುರುವಾಗಿದೆಯಾ, ಇದಕ್ಕೆಲ್ಲ ನಾವೇ ಕಾರಣವಾ ಅಂತ. ಅವಕ್ಕೆ ಉತ್ತರಿಸುವ ಮೊದಲು ಇವತ್ತೇ ನೋಡಬೇಕಾದ ಒಂದು ವಿಷಯ ಇದೆ.

ರೀಡಿಂಗ್ ಮುಚ್ಚಿಡುವುದು ಬೇರೆ, ಇನ್ಸುಲಿನ್ ಬಿಡುವುದು ಬೇರೆ. ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸರಾಸರಿ ಶುಗರ್ ಅನ್ನು ತೋರಿಸುತ್ತದೆ. ಅದು 7.6ರಿಂದ 9.8ಕ್ಕೆ ಏರಿದೆ ಅಂದರೆ ಕೆಲವು ಡೋಸ್ ತಪ್ಪಿರುವ ಸಾಧ್ಯತೆ ಇದೆ. ಹಾಗಾಗಿ ಇವತ್ತಿನಿಂದಲೇ ಪ್ರತಿ ಇಂಜೆಕ್ಷನ್ ಹೊತ್ತಿಗೆ ದೊಡ್ಡವರು ಒಬ್ಬರು ಜೊತೆಯಲ್ಲಿರಿ. ‘ನಿನ್ನ ಮೇಲೆ ನಂಬಿಕೆ ಇಲ್ಲ’ ಅನ್ನಬೇಡಿ. ‘ನಿನ್ನೊಬ್ಬಳ ಮೇಲೆ ಬೇಗ ಹೊರಿಸಿಬಿಟ್ಟೆವು, ಇನ್ಮೇಲೆ ನಾನೂ ಇರ್ತೀನಿ’ ಅಂತ ಹೇಳಿ. ಶುಗರ್ ಜಾಸ್ತಿ ಇದ್ದು ವಾಂತಿ, ಹೊಟ್ಟೆನೋವು, ಜೋರಾದ ಉಸಿರಾಟ, ಉಸಿರಿನಲ್ಲಿ ಹಣ್ಣಿನಂಥ ವಾಸನೆ, ಮಂಪರು ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ. ಇನ್ಸುಲಿನ್ ಸಾಲದೆ ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲ ತುಂಬಿದಾಗ ಹೀಗಾಗುತ್ತದೆ. ತಡವಾದರೆ ಜೀವಕ್ಕೇ ಅಪಾಯ.

ಈಗ ಸುಳ್ಳಿನ ವಿಷಯಕ್ಕೆ ಬರುತ್ತೇನೆ. ಇದೇ ಕಾಯಿಲೆಯ ಎಷ್ಟೋ ಮಕ್ಕಳು ನನ್ನ ಮುಂದೆ ಕೂತು ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳುತ್ತಾರೆ: ‘ಮೀಟರ್ ನೋಡಿದ ತಕ್ಷಣ ಅಮ್ಮನ ಮುಖ ಬದಲಾಗುತ್ತೆ.’ ಸ್ಕೂಲಿನಿಂದ ಬಂದ ಮಗುವನ್ನು ನಾವು ಮೊದಲು ಏನು ಕೇಳುತ್ತೇವೆ? ‘ಎಷ್ಟಿತ್ತು?’ 120 ಅಂದರೆ ಮುಖ ಅರಳುತ್ತದೆ. 280 ಅಂದರೆ ‘ಏನ್ ತಿಂದೆ?’ ಅನ್ನುತ್ತೇವೆ. ಕೆಲವೇ ತಿಂಗಳಲ್ಲಿ ಆ ಅಂಕಿ ಮಗುವಿಗೆ ಪರೀಕ್ಷೆಯ ಮಾರ್ಕ್ಸ್ ಆಗಿಬಿಡುತ್ತದೆ. ಅದೂ ರಜೆಯೇ ಇಲ್ಲದ ಪರೀಕ್ಷೆ, ದಿನಕ್ಕೆ ನಾಲ್ಕೈದು ಸಲ. ಡೈರಿಯಲ್ಲಿ 280 ಅನ್ನು 140 ಅಂತ ಬರೆಯುವ ಮಗು ನಿಮ್ಮನ್ನು ಮೋಸ ಮಾಡಲು ಹೊರಟಿಲ್ಲ. ಬೈಗುಳದಿಂದ ತಪ್ಪಿಸಿಕೊಳ್ಳುತ್ತಿದೆ. ಎಷ್ಟೋ ಸಲ ನಿಮ್ಮ ಸಂಕಟ ನೋಡಲಾಗದೆಯೂ ಹಾಗೆ ಬರೆಯುತ್ತದೆ.

ಆ 280 ಬಹಳ ಸಲ ಅವಳ ತಪ್ಪೇ ಅಲ್ಲ. ನೀವು ಹೇಳಿದ ‘ಮೊದಲ ವರ್ಷ ಚೆನ್ನಾಗಿತ್ತು’ ಅನ್ನುವ ಮಾತು ನನ್ನ ಗಮನ ಸೆಳೆಯಿತು. ಟೈಪ್ 1 ಶುರುವಾಗಿ ಇನ್ಸುಲಿನ್ ಕೊಡಲು ಆರಂಭಿಸಿದ ಮೇಲೆ, ಮೇದೋಜೀರಕ ಗ್ರಂಥಿಯಲ್ಲಿ ಉಳಿದಿರುವ, ಇನ್ಸುಲಿನ್ ತಯಾರಿಸುವ ಕೋಶಗಳು ಸ್ವಲ್ಪ ಕಾಲ ಮತ್ತೆ ಕೆಲಸ ಮಾಡುತ್ತವೆ. ಡಾಕ್ಟರುಗಳು ಇದನ್ನು ಹನಿಮೂನ್ ಅವಧಿ ಅನ್ನುತ್ತಾರೆ. ಕೆಲವು ಮಕ್ಕಳಲ್ಲಿ ವಾರಗಳು, ಕೆಲವರಲ್ಲಿ ತಿಂಗಳುಗಳು, ಒಮ್ಮೊಮ್ಮೆ ವರ್ಷಕ್ಕಿಂತ ಹೆಚ್ಚು ನಡೆಯುತ್ತದೆ. ಆಗ ಕಡಿಮೆ ಇನ್ಸುಲಿನ್ ಸಾಕು, ಶುಗರ್ ಮಾತು ಕೇಳುತ್ತದೆ. ಅದು ಮುಗಿದ ಮೇಲೆ ಹಿಂದಿನಷ್ಟೇ ಶಿಸ್ತಿನಿಂದ ಇದ್ದರೂ ಅಂಕಿ ಏರುತ್ತದೆ. ಅದರ ಬೆನ್ನಿಗೇ ಮೈನೆರೆಯುವ ವಯಸ್ಸು. ಆ ಹೊತ್ತಿನಲ್ಲಿ ಏರುವ ಬೆಳವಣಿಗೆಯ ಹಾರ್ಮೋನು ಮತ್ತು ಲೈಂಗಿಕ ಹಾರ್ಮೋನುಗಳಿಂದ ಇನ್ಸುಲಿನ್ನಿನ ಪರಿಣಾಮ ತಗ್ಗುತ್ತದೆ. ಹನಿಮೂನ್ ಅವಧಿಯಲ್ಲಿ ಮೈತೂಕದ ಒಂದು ಕಿಲೋಗೆ ದಿನಕ್ಕೆ ಅರ್ಧ ಯೂನಿಟ್ಟಿಗಿಂತ ಕಡಿಮೆ ಸಾಕಾಗುತ್ತಿದ್ದ ಮಗುವಿಗೆ ಈಗ 1 ಯೂನಿಟ್ ದಾಟಿ ಬೇಕಾಗಬಹುದು. ಜೊತೆಗೆ ಜ್ವರ, ನೆಗಡಿ, ಪರೀಕ್ಷೆಯ ಭಯ, ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಗಂಟಾದ ಚರ್ಮ. ಆಟ ಆಡಿದ ರಾತ್ರಿ ಶುಗರ್ ಇಳಿಯಬಹುದು. ಎಲ್ಲವನ್ನೂ ಸರಿಯಾಗಿ ಮಾಡಿದ ದಿನವೂ ಮೀಟರ್ 260 ತೋರಿಸಿದರೆ 11 ವರ್ಷದ ಹುಡುಗಿಗೆ ಏನು ಅನ್ನಿಸುತ್ತದೆ? ‘ನಾನು ಏನು ಮಾಡಿದರೂ ಅಷ್ಟೇ.’ ಹಾಗನ್ನಿಸಿದ ಮೇಲೆ ಟೆಸ್ಟ್ ಮಾಡುವುದೇ ನಿಲ್ಲುತ್ತದೆ. ಮಗಳ ಡೋಸ್ ಕೊನೆಯ ಸಲ ಯಾವಾಗ ಬದಲಾಯಿತು ಅಂತ ನೋಡಿ. ಒಂದು ವರ್ಷದ ಹಿಂದಿನ ಡೋಸೇ ಇನ್ನೂ ನಡೆಯುತ್ತಿದ್ದರೆ ಮೊದಲು ಅದರ ಬಗ್ಗೆ ಡಾಕ್ಟರ ಜೊತೆ ಮಾತಾಡಿ. ಮಗುವಿನ ನಡತೆ ತಿದ್ದುವ ಮಾತು ಆಮೇಲೆ.

ನಿಮ್ಮ ಭಯಕ್ಕೆ ಕಾರಣ ಇಲ್ಲ ಅಂತ ನಾನು ಹೇಳುವುದಿಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ 1,441 ಜನರನ್ನು ವರ್ಷಗಟ್ಟಲೆ ಗಮನಿಸಿದ ಡಿಸಿಸಿಟಿ ಅನ್ನುವ ದೊಡ್ಡ ಅಧ್ಯಯನ 1993ರಲ್ಲಿ ಪ್ರಕಟವಾಯಿತು. ಶುಗರ್ ಬಿಗಿಯಾಗಿ ನೋಡಿಕೊಂಡರೆ ಕಣ್ಣು, ಕಿಡ್ನಿ, ನರಗಳ ತೊಂದರೆ ತುಂಬ ಕಡಿಮೆಯಾಗುತ್ತದೆ ಅಂತ ಅದು ಖಚಿತವಾಗಿ ತೋರಿಸಿತು. ಅಂಕಿ ಮುಖ್ಯವೇ. ಆದರೆ ಗಾಡಿಯ ಪೆಟ್ರೋಲ್ ಮುಳ್ಳು ಕೆಳಗಿಳಿದರೆ ನಾವು ಮುಳ್ಳಿನ ಮೇಲೆ ರೇಗುವುದಿಲ್ಲ, ಪೆಟ್ರೋಲ್ ಹಾಕಿಸುತ್ತೇವೆ. ಮೀಟರಿನ ಅಂಕಿಗೂ ಅಷ್ಟೇ ಬೆಲೆ ಕೊಡಿ. ‘ಒಳ್ಳೆ ಶುಗರ್, ಕೆಟ್ಟ ಶುಗರ್’ ಅನ್ನುವ ಮಾತನ್ನು ಮನೆಯಲ್ಲಿ ನಿಲ್ಲಿಸಿ. ಜಾಸ್ತಿ, ಕಡಿಮೆ, ಸರಿಯಾಗಿದೆ, ಇಷ್ಟೇ ಸಾಕು. 280 ಕಂಡಾಗ ‘ಯಾಕಾಯ್ತು?’ ಅನ್ನುವ ಬದಲು ‘ಸರಿ, ಈಗ ಎಷ್ಟು ಹಾಕೋಣ?’ ಅನ್ನಿ. ಟೆಸ್ಟ್ ಮಾಡಿದ್ದಕ್ಕೆ ಮೆಚ್ಚಿ, ಅಂಕಿಗೆ ಮೆಚ್ಚಬೇಡಿ. ಕೆಲವರು ‘ವಾರವಿಡೀ 150ರ ಒಳಗಿದ್ದರೆ ಇದು ಕೊಡಿಸ್ತೀನಿ’ ಅನ್ನುತ್ತಾರೆ. ದಯವಿಟ್ಟು ಬೇಡ. ಆಗ ಮಗು ಕಲಿಯುವುದು ಅಂಕಿಯನ್ನು ತಿದ್ದುವುದನ್ನೇ.

ಯಜಮಾನರು ನಾಟಕ ಅನ್ನುತ್ತಾರೆ ಅಂತ ಬರೆದಿದ್ದೀರಿ. ಅವರಿಗೆ ಇದನ್ನು ಓದಲು ಕೊಡಿ. ರಕ್ತದ ಶುಗರ್ 70ಕ್ಕಿಂತ ಕೆಳಗೆ ಇಳಿದಾಗ ಮೆದುಳಿಗೆ ಬೇಕಾದಷ್ಟು ಗ್ಲೂಕೋಸ್ ಸಿಗದೆ ಹೋಗಬಹುದು. ನಡುಕ, ಬೆವರು ಬರುತ್ತವೆ. ಅವುಗಳ ಜೊತೆ ಸಿಡುಕು, ಅಳು, ಹಟವೂ ಬರುತ್ತದೆ. ಶುಗರ್ ತುಂಬ ಏರಿದಾಗಲೂ ಸುಸ್ತು, ಕಿರಿಕಿರಿ ಇರುತ್ತದೆ. ಹಾಗಾಗಿ ಇದ್ದಕ್ಕಿದ್ದಂತೆ ರೇಗಿದರೆ ಒಮ್ಮೆ ಟೆಸ್ಟ್ ಮಾಡುವುದು ಒಳ್ಳೆಯದು. ಆದರೆ ಇದರಲ್ಲಿ ಇನ್ನೊಂದು ಅತಿ ಇದೆ, ತಾಯಂದಿರು ಜಾಸ್ತಿ ಮಾಡುವುದು. ಮಗು ಸಿಟ್ಟಾದಾಗಲೆಲ್ಲ ‘ಶುಗರ್ ಲೋ ಆಗಿದ್ಯಾ?’ ಅಂತ ಕೇಳುವುದು. ತಮ್ಮನು ಪುಸ್ತಕ ಹರಿದಿದ್ದಕ್ಕೆ ಬಂದ ಸಿಟ್ಟೂ ಕಾಯಿಲೆಯ ಲೆಕ್ಕಕ್ಕೆ ಹೋದರೆ, ಆ ಮಗುವಿಗೆ ಎಲ್ಲರ ಹಾಗೆ ಸಿಟ್ಟು ಮಾಡಿಕೊಳ್ಳುವ ಹಕ್ಕೂ ಇಲ್ಲದಂತಾಗುತ್ತದೆ. ಟೆಸ್ಟ್ ಮಾಡಿ, ಶುಗರ್ ಸರಿ ಇದ್ದರೆ ಆ ಸಿಟ್ಟಿನ ಕಾರಣ ಕೇಳಿ.

ನಿಮ್ಮ ಅತ್ತೆಯ ಮಾತು ಪ್ರೀತಿಯಿಂದ ಬಂದದ್ದು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಮಾತಾಡದಿದ್ದರೆ ಮಗು ಮರೆಯುತ್ತದೆ ಅನ್ನುವುದು ನಿಜವಲ್ಲ. 1970ರ ದಶಕದಲ್ಲಿ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಅನ್ನುವ ಅಮೆರಿಕದ ಮಾನವಶಾಸ್ತ್ರಜ್ಞೆ ಲ್ಯುಕೇಮಿಯಾ ಅನ್ನುವ ರಕ್ತದ ಕ್ಯಾನ್ಸರ್ ಇದ್ದ ಮಕ್ಕಳ ಜೊತೆ ಆಸ್ಪತ್ರೆಯಲ್ಲಿ ಕಾಲ ಕಳೆದು ಅಧ್ಯಯನ ಮಾಡಿದರು. ಯಾರೂ ಹೇಳದಿದ್ದರೂ ಆ ಮಕ್ಕಳಿಗೆ ತಮ್ಮ ಕಾಯಿಲೆ ಎಷ್ಟು ಗಂಭೀರ ಅಂತ ಗೊತ್ತಿತ್ತು. ದೊಡ್ಡವರಿಗೆ ನೋವಾಗುತ್ತದೆ ಅಂತ ಗೊತ್ತಿಲ್ಲದ ಹಾಗೆ ಇರುತ್ತಿದ್ದರು. ನಾವು ಸುಮ್ನಿದ್ದರೆ ಮಗು ಕಾಯಿಲೆಯನ್ನು ಮರೆಯುವುದಿಲ್ಲ. ಒಬ್ಬಂಟಿಯಾಗಿ ಯೋಚಿಸಲು ಶುರು ಮಾಡುತ್ತದೆ, ಮತ್ತು ಮಕ್ಕಳ ಊಹೆ ಸಾಮಾನ್ಯವಾಗಿ ನಿಜಕ್ಕಿಂತ ಭಯಂಕರವಾಗಿರುತ್ತದೆ.

ಚಿಕ್ಕ ಮಕ್ಕಳು ಕಾಯಿಲೆಯನ್ನು ತಪ್ಪಿಗೆ ಸಿಕ್ಕ ಶಿಕ್ಷೆ ಅಂದುಕೊಳ್ಳುವುದು ಸಾಮಾನ್ಯ. ಏಳೆಂಟು ವರ್ಷದ ಹೊತ್ತಿಗೆ ಕಣ್ಣಿಗೆ ಕಾಣುವ ಕಾರಣ ಬೇಕು: ಕ್ರಿಮಿ, ಗಲೀಜು, ತಿಂದದ್ದು. ಹತ್ತು ಹನ್ನೊಂದರ ನಂತರ ಮೈಯ ಒಳಗೆ ಏನು ನಡೆಯುತ್ತಿದೆ ಅನ್ನುವುದು ಅರ್ಥವಾಗತೊಡಗುತ್ತದೆ, ಅದರ ಜೊತೆಗೇ ‘ಮುಂದೆ’ ಅನ್ನುವುದೂ. ನಿಮ್ಮ ಮಗಳಿಗೆ 9 ವರ್ಷದಲ್ಲಿ ಹೇಳಿದ ವಿವರಣೆ ಈಗ ಸಾಲುವುದಿಲ್ಲ. ಆಗ ಅವಳು ‘ಇಂಜೆಕ್ಷನ್ ತಗೊಂಡರೆ ವಾಸಿಯಾಗುತ್ತೆ’ ಅಂದುಕೊಂಡಿದ್ದಿರಬಹುದು. ಇದು ಜೀವನಪೂರ್ತಿ ಅಂತ ಅವಳಿಗೆ ನಿಜವಾಗಿ ತಿಳಿದದ್ದು ಈಗ ಇರಬಹುದು. ಎರಡು ವರ್ಷ ಸರಿಯಿದ್ದ ಮಗು ಈಗ ಯಾಕೆ ಕುಸಿಯಿತು ಅಂತ ಎಷ್ಟೋ ಅಪ್ಪ ಅಮ್ಮ ಕೇಳುತ್ತಾರೆ. ಕುಸಿತ ಅನ್ನುವುದಕ್ಕಿಂತ ಅದನ್ನು ತಡವಾಗಿ ಬಂದ ದುಃಖ ಅನ್ನಬೇಕು. ಮಗು ಬೆಳೆದ ಹಾಗೆ ಕಾಯಿಲೆಯ ಅರ್ಥವೂ ಬೆಳೆಯುತ್ತದೆ, ಹೊಸ ಘಟ್ಟ ಬಂದಾಗಲೆಲ್ಲ ಅದನ್ನು ಹೊಸದಾಗಿ ಒಪ್ಪಿಕೊಳ್ಳಬೇಕಾಗುತ್ತದೆ.

ಇನ್ನೊಂದು ವಿಷಯ ಅವಳಿಗೆ ಬಾಯಿ ಬಿಟ್ಟು ಹೇಳಲೇಬೇಕು. ಟೈಪ್ 1 ಬರುವುದು ಮೈಯ ರೋಗನಿರೋಧಕ ಶಕ್ತಿ ತನ್ನದೇ ಇನ್ಸುಲಿನ್ ತಯಾರಿಸುವ ಕೋಶಗಳ ಮೇಲೆ ದಾಳಿ ಮಾಡುವುದರಿಂದ. ಸಿಹಿ ತಿಂದದ್ದರಿಂದ ಬರುವುದಿಲ್ಲ. ನೀವು ಬಸುರಿಯಾಗಿದ್ದಾಗ ಏನೋ ಮಾಡಿದ್ದರಿಂದಲೂ ಅಲ್ಲ. ‘ಎಲ್ಲಿ ತಪ್ಪಿದೆವು’ ಅಂತ ನೀವು ಕೇಳಿದ್ದೀರಲ್ಲ, ಅದೇ ಪ್ರಶ್ನೆ ಅವಳೊಳಗೂ ಇರುತ್ತದೆ, ‘ನಾನೇನು ತಪ್ಪು ಮಾಡಿದೆ’ ಅಂತ. ಅವಳು ಕೇಳುವವರೆಗೆ ಕಾಯಬೇಡಿ.

ಈಗ ನಿಮ್ಮ ಮುಂದೆ ಏನೇನು ದಾರಿ ಇದೆ ನೋಡೋಣ. ಎಲ್ಲ ಜವಾಬ್ದಾರಿಯನ್ನೂ ವಾಪಸ್ ತೆಗೆದುಕೊಳ್ಳಬಹುದು. ಇನ್ಸುಲಿನ್ ತಪ್ಪುವುದಿಲ್ಲ, ಸದ್ಯಕ್ಕೆ ಸುರಕ್ಷಿತ. ಆದರೆ ಅದೇ ವರ್ಷಗಟ್ಟಲೆ ನಡೆದರೆ ಅವಳು ಕಲಿಯುವುದಿಲ್ಲ, 14-15ರ ಹೊತ್ತಿಗೆ ದೊಡ್ಡ ಜಗಳವಾಗುತ್ತದೆ. ಪೂರ್ತಿ ಅವಳಿಗೇ ಬಿಡುವುದನ್ನು ನೀವು ಮಾಡಿ ನೋಡಿದ್ದೀರಿ. ದೊಡ್ಡವರು ಬೇಗ ಕೈಬಿಟ್ಟ ಮನೆಗಳಲ್ಲಿ ಶುಗರ್ ಕೈತಪ್ಪುತ್ತದೆ ಅನ್ನುವುದನ್ನು ಸಂಶೋಧನೆಗಳೂ ಮತ್ತೆ ಮತ್ತೆ ಹೇಳಿವೆ. ಚುಚ್ಚಿಕೊಳ್ಳಲು ಕೈಗೆ ಬರುವುದು ಬೇರೆ. ಪ್ರತಿದಿನ, ಯಾರೂ ನೆನಪಿಸದೆ, ಲೆಕ್ಕ ಹಾಕಿ, ಮುಂದಾಲೋಚನೆಯಿಂದ ಮಾಡುವ ಬುದ್ಧಿ ಬರುವುದು ಬೇರೆ. ಆ ಎರಡನೆಯದು ಬರಲು ಹದಿಹರೆಯ ಪೂರ್ತಿ ಬೇಕು.

ನಾನು ಹೇಳುವುದು ಹಂಚಿಕೊಂಡು ಮಾಡುವುದನ್ನು. ಬೆರಳು ಚುಚ್ಚುವುದು ಅವಳು, ಡೋಸ್ ಲೆಕ್ಕ ಇಬ್ಬರೂ ಸೇರಿ, ರಾತ್ರಿಯ ದೀರ್ಘಾವಧಿ ಇನ್ಸುಲಿನ್ ಅಪ್ಪನ ಜವಾಬ್ದಾರಿ. ಅಪ್ಪ ಅನ್ನುವುದನ್ನು ಬೇಕಂತಲೇ ಹೇಳುತ್ತಿದ್ದೇನೆ. ಎಲ್ಲ ಕಾವಲು ಒಬ್ಬ ತಾಯಿಯ ಮೇಲೇ ಬಿದ್ದರೆ ಮಗಳಿಗೆ ತಾಯಿ ಅಂದರೆ ಪೊಲೀಸ್ ಆಗುತ್ತಾಳೆ. ರಾತ್ರಿ ಹತ್ತು ನಿಮಿಷ ಪಕ್ಕದಲ್ಲಿ ಕೂತು ಇನ್ಸುಲಿನ್ ಕೊಡುವ ಅಪ್ಪ ನಾಟಕ ಅನ್ನುವುದನ್ನೂ ತಾನಾಗಿ ಕಡಿಮೆ ಮಾಡುತ್ತಾರೆ. ವಾರಕ್ಕೊಂದು ದಿನ ಅವಳಿಗೆ ಪೂರ್ತಿ ಬಿಡುವು ಕೊಡಿ. ಆ ದಿನ ಅವಳು ಯಾವ ಲೆಕ್ಕವನ್ನೂ ಮಾಡಬೇಕಿಲ್ಲ, ಎಲ್ಲ ನೀವೇ ಮಾಡಿ. ಕಾಯಿಲೆಗೆ ರಜೆ ಇಲ್ಲ. ಕಾಯಿಲೆಯ ಬಗ್ಗೆ ಯೋಚಿಸುವುದಕ್ಕಾದರೂ ರಜೆ ಇರಲಿ. ಈ ದಾರಿ ನಿಧಾನ. ಮೊದಲ ಕೆಲವು ವಾರ ಮುನಿಸು, ವಾದ ಇರುತ್ತದೆ, ಎಚ್‌ಬಿಎ1ಸಿ ಇಳಿಯುವುದು ಮೂರು ತಿಂಗಳ ಮೇಲೆ ಕಾಣಬಹುದು. ಆತುರಪಟ್ಟು ನಡುವೆ ಬಿಡಬೇಡಿ.

ತೋಳಿಗೆ ಅಂಟಿಸುವ ಸೆನ್ಸರ್ ಬಗ್ಗೆ ನೀವು ಕೇಳಿರಬಹುದು. ಬೆರಳು ಚುಚ್ಚುವುದು ತುಂಬ ಕಡಿಮೆಯಾಗುತ್ತದೆ, ರಾತ್ರಿ ಶುಗರ್ ಇಳಿದರೆ ಅಲಾರಂ ಆಗುತ್ತದೆ, ರೀಡಿಂಗ್ ನಿಮ್ಮ ಫೋನಿಗೂ ಬರುತ್ತದೆ. ಕೊಳ್ಳಲು ಸಾಧ್ಯವಿದ್ದರೆ ಒಳ್ಳೆಯದೇ. ಆದರೆ ಐದೈದು ನಿಮಿಷಕ್ಕೆ ಬರುವ ಅಂಕಿ ನೋಡಿ ನೀವು ಸ್ಕೂಲಿಗೆ ಫೋನ್ ಮಾಡತೊಡಗಿದರೆ ಅದು ಮೈಮೇಲೆ ಹಾಕಿದ ಕ್ಯಾಮೆರಾ ಆಗುತ್ತದೆ. ಕೆಲವು ಮಕ್ಕಳು ಆ ಸಿಟ್ಟಿಗೇ ಅದನ್ನು ಕಿತ್ತು ಬಿಸಾಡುತ್ತಾರೆ. ಹಾಕುವ ಮೊದಲೇ ಅವಳ ಜೊತೆ ಒಪ್ಪಂದ ಮಾಡಿಕೊಳ್ಳಿ: ಎಷ್ಟಕ್ಕಿಂತ ಇಳಿದರೆ, ಎಷ್ಟಕ್ಕಿಂತ ಏರಿದರೆ ಅಮ್ಮ ಫೋನ್ ಮಾಡುತ್ತಾಳೆ, ಇಲ್ಲದಿದ್ದರೆ ಮಾಡುವುದಿಲ್ಲ. ಆ ಮಾತನ್ನು ನೀವು ಉಳಿಸಿಕೊಳ್ಳಬೇಕು.

ಅವಳ ಮನಸ್ಸಿಗೆ ಏನಾದರೂ ಆಗಿದೆಯಾ ಅಂದಿರಿ. ಕೆನಡಾದ ಒಂಟಾರಿಯೊದಲ್ಲಿ ಸಾವಿರಾರು ಮಕ್ಕಳ ಮೇಲೆ ನಡೆದು 1987ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೀರ್ಘ ಕಾಯಿಲೆ ಇರುವ ಮಕ್ಕಳಿಗೆ ಮಾನಸಿಕ ತೊಂದರೆ ಬರುವ ಸಾಧ್ಯತೆ ಉಳಿದ ಮಕ್ಕಳಿಗಿಂತ ಸುಮಾರು ಎರಡು ಪಟ್ಟು ಕಂಡಿತ್ತು. ಕಾಯಿಲೆಯ ಜೊತೆ ಅಂಗವೈಕಲ್ಯವೂ ಇದ್ದರೆ ಮೂರು ಪಟ್ಟಿಗಿಂತ ಹೆಚ್ಚು. ಇದನ್ನು ಹಗುರವಾಗಿ ನೋಡಬಾರದು. ಹಾಗಂತ ಹೆದರಲೂ ಬೇಡಿ, ಕಾಯಿಲೆ ಇರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಮಾನಸಿಕ ರೋಗ ಬರುವುದಿಲ್ಲ. ನೀವು ಬರೆದ ಸಿಟ್ಟು, ಸುಳ್ಳು, ಬೇಸರ ಮುಕ್ಕಾಲು ಪಾಲು ಕಾಯಿಲೆಯನ್ನು ಹೊತ್ತು ಹೊತ್ತು ಬಂದ ದಣಿವಿನ ಹಾಗೆ ಕಾಣುತ್ತದೆ. ಡಯಾಬಿಟಿಸ್ ತಂಡದವರಿಗೆ ಇದು ಚೆನ್ನಾಗಿ ಗೊತ್ತಿರುವ ಸ್ಥಿತಿ, ಖಿನ್ನತೆಗಿಂತ ಬೇರೆ. ಮನೆಯಲ್ಲಿ ಹೊರೆ ಇಳಿದರೆ ಇದೂ ಇಳಿಯುತ್ತದೆ.

ನನಗೆ ಚಿಂತೆ ಇರುವುದು ಫ್ರೆಂಡ್ಸ್ ಮನೆಗೆ ಹೋಗುವುದನ್ನು ನಿಲ್ಲಿಸಿದ್ದರ ಬಗ್ಗೆ. ಎಲ್ಲರೆದುರು ಚುಚ್ಚಿಕೊಳ್ಳಲು ನಾಚಿಕೆಯಾಗಿ ನಿಲ್ಲಿಸಿದ್ದಾಳಾ, ಅಥವಾ ಆಟ, ಗೆಳತಿಯರು ಯಾವುದೂ ಬೇಡ ಅನ್ನಿಸಿದೆಯಾ? ಮೊದಲನೆಯದಾದರೆ ಒಬ್ಬ ಆಪ್ತ ಗೆಳತಿಗೆ ಹೇಳುವುದರಿಂದ ಶುರು ಮಾಡಬಹುದು. ಯಾರಿಗೆ ಹೇಳಬೇಕು ಅನ್ನುವುದು ಅವಳ ಆಯ್ಕೆ. ಟೀಚರುಗಳಿಗೆ ಮಾತ್ರ ಗೊತ್ತಿರಲೇಬೇಕು, ಅದು ಸುರಕ್ಷತೆಯ ಪ್ರಶ್ನೆ. ಎರಡನೆಯದಾದರೆ, ಎರಡು ವಾರಕ್ಕಿಂತ ಹೆಚ್ಚು ಕಾಲ ಮಂಕಾಗಿದ್ದರೆ, ನಿದ್ದೆ, ಊಟ, ಓದು ಕೆಟ್ಟಿದ್ದರೆ ಮಕ್ಕಳ ಮನೋವೈದ್ಯರು ಅಥವಾ ಸೈಕಾಲಜಿಸ್ಟ್ ಹತ್ತಿರ ಕರೆದುಕೊಂಡು ಹೋಗಿ. ಮಕ್ಕಳ ಡಯಾಬಿಟಿಸ್ ತಂಡದಲ್ಲಿ ಮನಸ್ಸಿನ ಆರೋಗ್ಯ ನೋಡುವವರೂ ಇರಬೇಕು ಅಂತ ಇಸ್ಪಾಡ್ ಅನ್ನುವ ಅಂತರರಾಷ್ಟ್ರೀಯ ತಜ್ಞರ ಸಂಸ್ಥೆಯೇ ಹೇಳುತ್ತದೆ. ಅದಕ್ಕಾಗಿ ಹೋಗುವುದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಈ ವಯಸ್ಸಿನ ಹುಡುಗಿಯರಲ್ಲಿ ಇನ್ನೊಂದು ವಿಷಯವನ್ನೂ ಗಮನಿಸಬೇಕು. ಇನ್ಸುಲಿನ್ ಬಿಟ್ಟರೆ ತೂಕ ಇಳಿಯುತ್ತದೆ ಅಂತ ಕೆಲವರು ತಾವಾಗಿ ಕಂಡುಕೊಳ್ಳುತ್ತಾರೆ. ದಪ್ಪಗಾದೆ ಅನ್ನುವ ಮಾತು, ಕಾರಣವಿಲ್ಲದೆ ಇಳಿಯುವ ತೂಕ, ಪದೇ ಪದೇ ಕೀಟೋನ್ ಕಾಣುವುದು ಇದ್ದರೆ ಡಾಕ್ಟರಿಗೆ ನೇರವಾಗಿ ಹೇಳಿ. ‘ಬದುಕುವುದೇ ಬೇಡ’ ಅನ್ನುವ ಮಾತು ಬಂದರೆ ಅದೇ ದಿನ ಸಹಾಯ ಪಡೆಯಿರಿ, ಅವಳನ್ನು ಒಬ್ಬಳೇ ಬಿಡಬೇಡಿ, ಇನ್ಸುಲಿನ್ ಪೆನ್ನುಗಳನ್ನು ಬೀಗ ಹಾಕಿ ಇಡಿ. ಜಾಸ್ತಿ ಹಾಕಿಕೊಂಡರೆ ಇನ್ಸುಲಿನ್ನೇ ಪ್ರಾಣಕ್ಕೆ ಎರವಾಗುತ್ತದೆ.

ಮಗನ ಮಾತು ಹೊಟ್ಟೆಕಿಚ್ಚು ಅಂತ ತಳ್ಳಿಹಾಕಬೇಡಿ. ಅಕ್ಕನಿಗೆ ಸಿಗುವ ಗಮನ ತನಗೂ ಬೇಕು ಅನ್ನುತ್ತಿದ್ದಾನೆ. ಜೊತೆಗೆ ‘ನಂಗೂ ಬಂದುಬಿಡುತ್ತಾ’ ಅನ್ನುವ ಭಯವೂ ಇರಬಹುದು. ಇದು ಅಂಟುರೋಗ ಅಲ್ಲ ಅಂತ ಅವನಿಗೆ ಹೇಳಿ. ದಿನಕ್ಕೆ ಸ್ವಲ್ಪ ಹೊತ್ತು ಶುಗರ್ ಸುದ್ದಿ ಇಲ್ಲದೆ ಅವನ ಜೊತೆ ಕೂರಿ.

ಕೊನೆಗೆ ಡೈರಿಯ ವಿಷಯ. ಮೀಟರಿನ ಮೆಮೊರಿ ತೆರೆದು ಡೈರಿಯ ಪಕ್ಕ ಇಟ್ಟು ‘ಇದೇನು?’ ಅಂತ ಕೇಳಬೇಡಿ. ಸಿಕ್ಕಿಬಿದ್ದ ಮಗು ಮುಂದಿನ ಸಲ ಇನ್ನೂ ಜಾಣತನದಿಂದ ಮುಚ್ಚಿಡುತ್ತದೆ. ಇಬ್ಬರೇ ಇದ್ದಾಗ ಹೀಗೆ ಶುರು ಮಾಡಿ: ‘ರೀಡಿಂಗ್ ಬೇರೆ ಬರೆದಿರೋದು ನಂಗೆ ಗೊತ್ತಾಯ್ತು. ನಂಗೆ ಸಿಟ್ಟಿಲ್ಲ. ನಿಜ ಹೇಳೋಕೆ ಕಷ್ಟ ಆಗೋ ಹಾಗೆ ನಾನೇ ರೇಗ್ತಿದ್ದೆ ಅನ್ಸುತ್ತೆ. ಇನ್ಮೇಲೆ ಎಷ್ಟೇ ಬಂದ್ರೂ ಮೊದಲು ಏನ್ ಮಾಡೋಣ ಅಂತ ಯೋಚಿಸೋಣ, ಆಯ್ತಾ?’ ಅವಳು ಏನೂ ಹೇಳದಿರಬಹುದು, ಎದ್ದು ಹೋಗಬಹುದು. ಬೆನ್ನು ಹತ್ತಬೇಡಿ. ಮುಂದಿನ ಸಲ 300 ಕಂಡಾಗ ನೀವು ಏನು ಮಾಡುತ್ತೀರಿ ಅಂತ ಅವಳು ಕಾದು ನೋಡುತ್ತಾಳೆ. ಡಾಕ್ಟರ ಹತ್ತಿರ ಹೋದಾಗ ಮೊದಲ ಐದು ನಿಮಿಷ ನೀವಿಬ್ಬರೂ ಹೊರಗಿದ್ದು ಅವಳೊಬ್ಬಳೇ ಮಾತಾಡಲು ಬಿಡುವಂತೆ ಮೊದಲೇ ಕೇಳಿಕೊಳ್ಳಿ. ಒಳಗೆ ಏನು ಹೇಳಿದೆ ಅಂತ ಮನೆಗೆ ಬಂದ ಮೇಲೆ ಕೇಳಬೇಡಿ.